ಕಿಟಕಿಯಾಚೆ ಹಿಡಿದ ರಿವರ್ಸರ್

ನನ್ನನ್ನು ಮೇನ್ ಲೈನ್ ಡ್ರೈವರ್ ಎಂದು ಒಪ್ಪಿ ಸಹಿ ಹಾಕಬೇಕಾಗಿದ್ದ ಇನ್‌ಸ್ಪೆಕ್ಟರಿಗೆ ಮಾವಿನಹಣ್ಣೆಂದರೆ ಪ್ರಾಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅವರ ಬಗ್ಗೆ ನಾನು ಹೇಳಬಹುದಾದ ಒಳ್ಳೆಯ ಮಾತು ಅದೊಂದೇ. ಶ್ರೀನಿವಾಸಪುರದ ರಸಪುರಿ ಯಾವುದು, ಬೇರೆ ಕಡೆಯಿಂದ ತಂದು ಶ್ರೀನಿವಾಸಪುರದ್ದು ಎಂದು ಮಾರುವ ರಸಪುರಿ ಯಾವುದು ಎಂದು ಅವರು ಮೂಸಿಯೇ ಹೇಳಬಲ್ಲರು. ಇಂಜಿನ್ನಿನ ವಿಷಯದಲ್ಲಿ ಅವರು ಅಷ್ಟು ಖಚಿತವಾಗಿ ಏನನ್ನಾದರೂ ಹೇಳಿದ್ದನ್ನು ನಾನು ಕೇಳಿಲ್ಲ.

ಆಗ ನಾನು ಯಾರ್ಡಿನಲ್ಲಿ ಶಂಟರ್ ಆಗಿದ್ದೆ. ಡಿಪೋದೊಳಗೇ ಇಂಜಿನ್ ಓಡಿಸುವ ಡ್ರೈವರ್. ವ್ಯಾಗನ್ನುಗಳನ್ನು ಈ ಲೈನಿನಿಂದ ಆ ಲೈನಿಗೆ ಎಳೆಯುವುದು, ಹೊರಡುವ ಗಾಡಿಗೆ ಬೋಗಿ ಜೋಡಿಸುವುದು, ಕೆಟ್ಟದ್ದನ್ನು ಕಳಚಿ ಮೂಲೆಗೆ ತಳ್ಳುವುದು, ಇಷ್ಟೇ ಕೆಲಸ. ಬೆಳಿಗ್ಗೆ ಇಂಜಿನ್ ಎಲ್ಲಿ ನಿಂತಿತ್ತೋ ಸಂಜೆಯೂ ಅಲ್ಲೇ ಬಂದು ನಿಲ್ಲುತ್ತಿತ್ತು. ನಾನಿರುವುದು ಮಾಲೂರಿನಲ್ಲಿ. ದಿನವೂ ಇಟ್ಟಿಗೆ ಗೂಡಿನ ರೈಟರುಗಳು, ಫ್ಯಾಕ್ಟರಿಗೆ ಹೋಗುವ ಹುಡುಗಿಯರು, ಹಾಲಿನ ಕ್ಯಾನಿನವರು ಇವರ ನಡುವೆ ಒಂಟಿಕಾಲಿನಲ್ಲಿ ನಿಂತು, ಬೇರೆಯವನು ಓಡಿಸುವ ರೈಲಿನಲ್ಲಿ ನಾನು ರೈಲು ಓಡಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಪ್ಲಾಟ್‌ಫಾರಮ್ಮಿಗೆ ಗಾಡಿ ಬರುವಾಗ ಜನ ಬಾಗಿಲು ನೋಡುತ್ತಾರೆ, ಸೀಟು ನೋಡುತ್ತಾರೆ. ನಾನು ಮಾತ್ರ ಮುಂದಿನ ಕಿಟಕಿಯಲ್ಲಿ ಮೊಣಕೈ ಊರಿ ಕೂತವನನ್ನು ನೋಡುತ್ತಿದ್ದೆ. ಆ ಜಾಗ ನನಗೆ ಬೇಕಾಗಿತ್ತು. ಹೊಟ್ಟೆ ಉರಿಯುವಷ್ಟು ಬೇಕಾಗಿತ್ತು.

ಆ ಜಾಗದಲ್ಲಿ ಕೂತವರ ಜಂಬವನ್ನು ಏನೆಂದು ಹೇಳಲಿ! ಮೇನ್ ಲೈನ್ ಡ್ರೈವರುಗಳು ಯಾರ್ಡಿನೊಳಗೆ ಬಂದರೆ ನೆಲಕ್ಕೆ ಕಾಲು ತಾಗಿದ್ದೇ ನಮ್ಮ ಭಾಗ್ಯ ಎಂಬಂತೆ ನಡೆಯುತ್ತಿದ್ದರು. ಕಪ್ಪು ಕನ್ನಡಕ, ಕೈಯಲ್ಲಿ ಪೆಟ್ಟಿಗೆ, ಬಾಯಲ್ಲಿ ತಾವು ಕಂಡ ಊರುಗಳ ಹೆಸರು. ನಮ್ಮನ್ನು ಅವರು ಕರೆಯುತ್ತಿದ್ದದ್ದು ಗಾಣದೆತ್ತುಗಳು ಎಂದು. ಅವರಲ್ಲೊಬ್ಬ ಹಿರಿಯ ಡ್ರೈವರ್ ಯಾರ್ಡಿನ ಬಾಯಿಯವರೆಗೆ ಗಾಡಿ ತಂದು, ಒಳಗೆ ಹಿಂದಕ್ಕೆ ತಳ್ಳಬೇಕಾಗಿ ಬಂದಾಗ ಎರಡು ಸಲ ಹಳಿಯ ಕೊನೆಯಲ್ಲಿ ತಡೆಗೆ ನಿಲ್ಲಿಸಿದ ಬಫರಿಗೆ ಡಿಕ್ಕಿ ಹೊಡೆದ. ಅದನ್ನು ನೋಡಿ ನಮ್ಮ ಗಾಣದೆತ್ತುಗಳೆಲ್ಲ ಮುಸಿಮುಸಿ ನಕ್ಕವು. ಆದರೆ ನಗುವವರ ಸಂಬಳಪಟ್ಟಿಯಲ್ಲಿ ಶಂಟರ್ ಎಂದೇ ಬರೆದಿರುತ್ತದೆ, ಡಿಕ್ಕಿ ಹೊಡೆದವನದರಲ್ಲಿ ಹಾಗಲ್ಲ.

ಯಾರ್ಡಿನ ಕೆಲಸ ಕೈಯ ಮೇಲೆ ನಡೆಯುತ್ತದೆ. ಅಲ್ಲಿ ಶಂಟರ್ ಮುಂದೆ ನೋಡಿ ಓಡಿಸುವುದು ಕಡಿಮೆ. ಕಿಟಕಿಯಿಂದ ಸೊಂಟದವರೆಗೆ ಹೊರಬಾಗಿ ಹಿಂದಕ್ಕೆ ನೋಡುತ್ತಿರಬೇಕು. ವ್ಯಾಗನ್ನುಗಳ ಪಕ್ಕದಲ್ಲಿ ಪಾಯಿಂಟ್ಸ್‌ಮನ್ ನಿಂತಿರುತ್ತಾನೆ. ಹಳಿ ಕವಲೊಡೆಯುವ ಜಾಗವನ್ನು ಪಾಯಿಂಟ್ ಎನ್ನುತ್ತಾರೆ, ಅದನ್ನು ನೋಡಿಕೊಳ್ಳುವವನು ಅವನು. ಅವನ ಕೈ ಬಾ ಎಂದರೆ ಬರಬೇಕು, ನಿಧಾನ ಎಂದರೆ ನಿಧಾನ, ಅಡ್ಡ ಬಂದರೆ ನಿಲ್ಲಬೇಕು. ನಮ್ಮ ಪಾಯಿಂಟ್ಸ್‌ಮನ್ ಕೋಲಾರದ ಕಡೆಯ ಒಬ್ಬ ಹಿರಿಯರು. ಇಡೀ ಯಾರ್ಡೇ ಅವರನ್ನು ಭಾಯ್ ಎನ್ನುತ್ತಿತ್ತು. ಅವರ ಕೈ ನೋಡುತ್ತ ನೋಡುತ್ತ ನನ್ನ ವರ್ಷಗಳು ಕಳೆದಿದ್ದವು. ದೂರದಿಂದ ಅವರ ಮುಖ ಕಾಣದಿದ್ದರೂ ಇವತ್ತು ಮಂಡಿ ನೋವಿದೆಯೋ ಇಲ್ಲವೋ ಎಂದು ಆ ಕೈಯಿಂದಲೇ ತಿಳಿಯುತ್ತಿತ್ತು.

ನಮ್ಮಿಬ್ಬರ ನಡುವೆ ಒಂದು ಪದ್ಧತಿ ಇತ್ತು. ಜೋಡಣೆ ಹಾಕಲು ಭಾಯ್ ಎರಡು ವ್ಯಾಗನ್ನುಗಳ ನಡುವೆ ನುಗ್ಗಬೇಕು. ಆ ಹೊತ್ತಿಗೆ ಇಂಜಿನ್ ಒಂದು ಗೇಣು ಅಲುಗಿದರೂ ಅವರ ಕಥೆ ಮುಗಿಯಿತು. ಇಂಜಿನ್ನಿಗೆ ರಿವರ್ಸರ್ ಎಂಬ ಸಣ್ಣ ಹಿಡಿಕೆ ಇರುತ್ತದೆ. ಮುಂದಕ್ಕೋ ಹಿಂದಕ್ಕೋ ಎಂದು ತೀರ್ಮಾನಿಸುವುದು ಅದೇ. ಅದನ್ನು ಕಿತ್ತು ತೆಗೆದರೆ ಇಂಜಿನ್ ಗುರುಗುಟ್ಟುತ್ತದೆಯೇ ಹೊರತು ಚಲಿಸುವುದಿಲ್ಲ. ಭಾಯ್ ಒಳಗೆ ನುಗ್ಗುವ ಮುಂಚೆ ನಾನು ಅದನ್ನು ಕಿತ್ತು ಕಿಟಕಿಯಾಚೆ ಎತ್ತಿ ಹಿಡಿಯುತ್ತಿದ್ದೆ. ಅವರು ಅದನ್ನು ನೋಡಿ, ತಲೆ ಅಲ್ಲಾಡಿಸಿ, ಬಗ್ಗಿ ಒಳಗೆ ಹೋಗುತ್ತಿದ್ದರು. ಹೊರಗೆ ಬಂದು ಕೈ ಬೀಸುವವರೆಗೆ ಅದು ನನ್ನ ಮುಷ್ಟಿಯಲ್ಲೇ ಇರುತ್ತಿತ್ತು. ಯಾವ ನಿಯಮದ ಪುಸ್ತಕದಲ್ಲೂ ಇದನ್ನು ಎತ್ತಿ ತೋರಿಸು ಎಂದು ಬರೆದಿಲ್ಲ.

ಬಡ್ತಿಯ ಸರದಿ ಬಂದಾಗ ಟ್ರೈನಿಂಗ್ ಸ್ಕೂಲಿಗೆ ಕಳಿಸಿದರು, ಕಣ್ಣು ಪರೀಕ್ಷೆ ಮಾಡಿದರು, ಪರೀಕ್ಷೆ ಬರೆಸಿದರು. ಆಮೇಲೆ ರೋಡ್ ಕಲಿಯಲು ಒಬ್ಬ ಹಿರಿಯ ಡ್ರೈವರ್ ಜೊತೆ ಹಾಕಿದರು. ಹಿಂದೆ ಬಫರಿಗೆ ಡಿಕ್ಕಿ ಹೊಡೆದಿದ್ದನಲ್ಲ, ಅದೇ ಮಹಾಶಯ. ಏರು ಎಲ್ಲಿ, ಇಳಿಜಾರು ಎಲ್ಲಿ, ಯಾವ ಸಿಗ್ನಲ್ ನೀಲಗಿರಿ ಮರದ ಹಿಂದೆ ಅಡಗಿದೆ, ಯಾವ ಗೇಟಿನ ಹತ್ತಿರ ಎಮ್ಮೆಗಳು ಹಳಿ ದಾಟುತ್ತವೆ, ಇವನ್ನೆಲ್ಲ ಅವನು ಹೇಳಿಕೊಡಬೇಕಾಗಿತ್ತು. ಅವನು ಹೇಳಿಕೊಟ್ಟದ್ದು ಯಾವ ಸ್ಟೇಷನ್ನಿನ ಹತ್ತಿರ ಇಡ್ಲಿ ಚೆನ್ನಾಗಿದೆ ಎಂಬುದು. ಉಳಿದದ್ದನ್ನು ನಾನೇ ಕಣ್ಣಿಟ್ಟು ನೋಡಿ ಕಲಿತೆ. ಕೋಲಾರದ ಕವಲು ಲೈನೂ, ಮಾಲೂರಿನ ಮೇಲೆ ಹೋಗುವ ದೊಡ್ಡ ಲೈನೂ ಕಣ್ಣು ಮುಚ್ಚಿದರೆ ಒಳಗೆ ಓಡುವ ಹಾಗಾಯಿತು.

ಕೊನೆಯ ಹಂತ ಇನ್‌ಸ್ಪೆಕ್ಟರದು. ಅವರು ಇಂಜಿನ್ನಿನ ಕ್ಯಾಬಿನಲ್ಲಿ ಹಿಂದೆ ಕೂತು ನನ್ನ ಕೈಲಿ ಒಂದು ಗಾಡಿ ಓಡಿಸಿ ನೋಡಿ, ಈ ಮನುಷ್ಯ ಆಗಬಹುದು ಎಂದು ಸಹಿ ಹಾಕಿದರೆ ನಾನು ಮೇನ್ ಲೈನಿನವನು. ಇಲ್ಲವೆಂದರೆ ಗಾಣ. ಅವರು ಮೇನ್ ಲೈನಿನಲ್ಲಿ ಓಡಿಸಿದ್ದು ಸೀಟು ಬಿಸಿಯಾಗುವಷ್ಟು ಕಾಲವೂ ಅಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಪರೀಕ್ಷೆ ಬರೆದು ಮೇಲೆ ಹೋದವರು. ಆದರೆ ಅವರ ಬಾಯಿಂದ ಬರುವ ಮೊದಲ ಮಾತೇ "ಮೇನ್ ಲೈನ್ ಬೇರೆ ಕಣ್ರೀ" ಎಂದು.

ಮೊದಲ ಸಲ ನಾನು ಫೇಲಾದೆ. ಗಾಡಿಯನ್ನು ತಡವಾಗಿಸಲಿಲ್ಲ, ಸಿಗ್ನಲ್ ತಪ್ಪಿಸಲಿಲ್ಲ. ಒಂದು ಸ್ಟೇಷನ್ನಿನಲ್ಲಿ ಹಸಿರು ಬಂದಾಗ ಅಭ್ಯಾಸಬಲದಿಂದ ಕಿಟಕಿಯಿಂದ ಬಾಗಿ ಹಿಂದಕ್ಕೆ ನೋಡಿದೆ. ಇನ್ನೊಂದು ಕಡೆ ಗಾಡಿ ನಿಂತ ಕೂಡಲೇ ಕೈ ತಾನಾಗಿ ಹೋಗಿ ರಿವರ್ಸರನ್ನು ಕಿತ್ತುಕೊಂಡಿತು.

"ಏನ್ರೀ ಅದು, ಮನೆ ಬೀಗದ ಕೈನಾ? ಜೇಬಲ್ಲಿಟ್ಕೊಂಡು ಸಂತೆಗೆ ಹೋಗ್ತೀರಾ?" ಎಂದರು ಇನ್‌ಸ್ಪೆಕ್ಟರು.

"ಯಾರ್ಡಿನ ಅಭ್ಯಾಸ ಸಾರ್."

"ಹಿಂದೆ ತಿರುಗಿ ಯಾರ ಕೈ ಹುಡುಕ್ತಿದ್ರಿ? ಇಲ್ಲಿ ಕೈ ಇಲ್ಲ ಕಣ್ರೀ. ಮೇನ್ ಲೈನಲ್ಲಿ ಎರಡೇ ಇರೋದು, ಸಿಗ್ನಲ್ಲು, ಇಲ್ಲಾಂದ್ರೆ ಬರವಣಿಗೆ. ಸಾಕ್ಷಾತ್ ಬ್ರಹ್ಮನೇ ಬಂದು ಕೈ ಬೀಸಿದ್ರೂ ಹೋಗಂಗಿಲ್ಲ. ತಿಳೀತಾ?"

ಅವರು ವರದಿಯಲ್ಲಿ ನನಗೆ ಯಾರ್ಡ್ ಬುದ್ಧಿ ಹೋಗಿಲ್ಲ ಎಂದು ಬರೆದರು. ನನಗಿಂತ ಚಿಕ್ಕವರು, ನನ್ನ ಕೈಕೆಳಗೆ ಬ್ರೇಕ್ ಹಿಡಿಯಲು ಕಲಿತವರು, ಪಾಸಾಗಿ ಹೋದರು. ಅವರಲ್ಲೊಬ್ಬ ಕಪ್ಪು ಕನ್ನಡಕ ಕೊಂಡ. ಎರಡನೆಯ ಸಲವೂ ಫೇಲಾದರೆ ನನ್ನ ಹೆಸರು ಪಟ್ಟಿಯ ತಳಕ್ಕೆ ಹೋಗುತ್ತದೆ, ಆಮೇಲೆ ಶಂಟರಾಗಿಯೇ ಪಿಂಚಣಿ ಎಂದು ಆಫೀಸಿನವರು ಹೇಳಿದರು. ನಾನು ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಬಲಗೈಯನ್ನು ತೊಡೆಯ ಕೆಳಗಿಟ್ಟುಕೊಂಡು ಅಭ್ಯಾಸ ಮಾಡಿದೆ. "ಕೈಗೇನಾಯ್ತು?" ಎಂದು ನನ್ನ ಹೆಂಡತಿ ಕೇಳಿದಳು. ಬುದ್ಧಿ ಕಲಿಸ್ತಿದ್ದೀನಿ ಎಂದೆ. ಈ ನಡುವೆ ಭಾಯ್‌ಗೆ ವರ್ಗವಾಯಿತು. ಕವಲು ಲೈನಿನ ಒಂದು ಸಣ್ಣ ಸ್ಟೇಷನ್ನಿಗೆ ಹೋದರು. ಅದರ ಹೆಸರು ಹೇಳುವುದು ಬೇಡ.

ಎರಡನೆಯ ಪರೀಕ್ಷೆ ಮಾವಿನ ಕಾಲದಲ್ಲಿ ಬಂತು. ಶ್ರೀನಿವಾಸಪುರದ ಕಡೆ ಗೊಬ್ಬರ ಇಳಿಸಿ ನಿಂತಿದ್ದ ಖಾಲಿ ವ್ಯಾಗನ್ನುಗಳನ್ನು ವಾಪಸು ತರಬೇಕು. ಬೆಳಿಗ್ಗೆ ಬರೀ ಇಂಜಿನ್ ತೆಗೆದುಕೊಂಡು ಹೊರಟೆವು. ಡೀಸೆಲ್ ಇಂಜಿನ್. ನಾನು, ಹಿಂದೆ ಇನ್‌ಸ್ಪೆಕ್ಟರು, ಎಡಗಡೆಯ ಸೀಟಿನಲ್ಲಿ ಅಸಿಸ್ಟೆಂಟ್. ಅವಳು ಮುಳಬಾಗಿಲಿನ ಹೆಣ್ಣುಮಗಳು, ಕೆಲಸಕ್ಕೆ ಸೇರಿ ಆಗಲೇ ಕೆಲವು ವರ್ಷವಾಗಿತ್ತು. ಅಗತ್ಯಕ್ಕಿಂತ ಒಂದು ಮಾತು ಹೆಚ್ಚು ಆಡುವವಳಲ್ಲ. ಸಿಗ್ನಲ್ ಕಂಡ ತಕ್ಷಣ ಕೈ ಎತ್ತಿ ಅದರ ಬಣ್ಣವನ್ನು ಗಟ್ಟಿಯಾಗಿ ಕೂಗಬೇಕು, ನಾನೂ ಅದನ್ನೇ ಕೂಗಬೇಕು, ಇದು ಕ್ರಮ. ಅವಳ ದನಿ ಕೇಳಿದರೆ ನಿದ್ದೆಯಲ್ಲಿದ್ದವನೂ ಎದ್ದು ಕೂರಬೇಕು.

ಕೋಲಾರದಲ್ಲಿ ನಿಂತಾಗ ಯಾರೋ ಒಬ್ಬರು ಇನ್‌ಸ್ಪೆಕ್ಟರಿಗೆ ಒಂದು ಕವರಿನ ತುಂಬ ರಸಪುರಿ ತಂದುಕೊಟ್ಟರು. ಅಲ್ಲಿಂದ ಶುರುವಾಯಿತು. ಹಣ್ಣನ್ನು ಹಿಸುಕಿ ಮೆತ್ತಗೆ ಮಾಡಿ, ತೊಟ್ಟು ಕಚ್ಚಿ ಉಗಿದು, ರಸ ಹೀರಿ, ಓಟೆಯನ್ನು ಚೀಪಿ ಬಿಳಿ ಮಾಡಿ ಕಿಟಕಿಯಿಂದ ಆಚೆ ಎಸೆಯುವುದು. ಮಧ್ಯೆ ಮಧ್ಯೆ ನನಗೆ ಉಪದೇಶ. ಬಾಯಿ ತುಂಬ ಮಾವು ಇಟ್ಟುಕೊಂಡು ಮನುಷ್ಯ ಮೇನ್ ಲೈನ್ ಬೇರೆ ಎಂದು ಹೇಳಿದರೆ ಅದಕ್ಕೆ ಹೂಂ ಎನ್ನುವುದು ಸುಲಭದ ಕೆಲಸವಲ್ಲ. ಹೂಂ ಎಂದೆ. ಭಾಯ್ ಇರುವ ಸ್ಟೇಷನ್ ದಾಟುವಾಗಲೂ ಒಂದೆರಡು ಓಟೆ ಹಾರಿದವು. ಭಾಯ್ ಪ್ಲಾಟ್‌ಫಾರಮ್ಮಿನ ಮೇಲೆ ಹಸಿರು ಬಾವುಟ ಹಿಡಿದು ನಿಂತಿದ್ದರು. ನನ್ನನ್ನು ಕಂಡು ಮುಖವಿಡೀ ನಕ್ಕರು. ನಾನು ಬರೀ ಒಂದು ಬೆರಳು ಎತ್ತಿದೆ, ಹಿಂದೆ ಕೂತವರಿಗೆ ಕಾಣದ ಹಾಗೆ.

ಶ್ರೀನಿವಾಸಪುರದ ಕಡೆ ಇಂಜಿನ್ನನ್ನು ವ್ಯಾಗನ್ನುಗಳಿಗೆ ಜೋಡಿಸಿದೆ. ಬ್ರೇಕಿನ ಗಾಳಿಯ ಪೈಪು ತುಂಬಲು ಬಿಟ್ಟು, ಕೊನೆಯ ವ್ಯಾಗನ್ನಿನವರೆಗೆ ಒತ್ತಡ ತಲುಪಿದ್ದನ್ನು ಅಲ್ಲಿ ಕಾದಿದ್ದ ಗಾರ್ಡನಿಂದ ಕೇಳಿ ತಿಳಿದು, ಬ್ರೇಕ್ ಹಾಕಿ, ಬಿಟ್ಟು, ಮತ್ತೆ ಹಾಕಿ ನೋಡಿದೆ. ಅಷ್ಟರಲ್ಲಿ ಇನ್‌ಸ್ಪೆಕ್ಟರು ಎರಡು ಪೆಟ್ಟಿಗೆ ಹಣ್ಣು ತಂದು ಕ್ಯಾಬಿಗೆ ಹತ್ತಿಸಿದ್ದರು.

"ಬೀಗರ ಮನೆಗೆ ಕಣ್ರೀ," ಎಂದರು. "ಸಂಜೆ ಒಳಗೆ ಬೆಂಗಳೂರು ತಲುಪಬೇಕು. ಸ್ವಲ್ಪ ಬೇಗ ಹೊಡೀರಿ."

ಹೊರಟ ಮೇಲೆ ವೇಗ ಹಿಡಿದಾಗ ಒಮ್ಮೆ ಮೆಲ್ಲಗೆ ಬ್ರೇಕ್ ಒತ್ತಿ ಗಾಡಿ ಕೇಳುತ್ತದೆಯೇ ಎಂದು ನೋಡಿದೆ. ಕೇಳಿತು. ಖಾಲಿ ವ್ಯಾಗನ್ನುಗಳು ಹಗುರ, ಕುಣಿಯುತ್ತವೆ, ಅವನ್ನು ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗುವ ಹಾಗೆ ಎಳೆದೂ ಎಳೆಯದ ಹಾಗೆ ತರಬೇಕು. ಮಾವಿನ ತೋಪುಗಳು, ಟೊಮ್ಯಾಟೊ ಹೊಲಗಳು, ಬಂಡೆಗಳು ಹಿಂದೆ ಸರಿದವು. ಎಲ್ಲೂ ಕೈ ರಿವರ್ಸರಿಗೆ ಹೋಗಲಿಲ್ಲ, ಕತ್ತು ಹಿಂದಕ್ಕೆ ತಿರುಗಲಿಲ್ಲ. "ಪರವಾಗಿಲ್ಲ ಕಣ್ರೀ, ಈ ಸಲ ಮನುಷ್ಯನಾಗಿದ್ದೀರ" ಎಂದರು ಇನ್‌ಸ್ಪೆಕ್ಟರು. ಆ ಮಾತಿಗೆ ನನಗೆ ಖುಷಿಯಾಯಿತು. ಅವರ ಮೆಚ್ಚುಗೆಗೆ ಖುಷಿಪಟ್ಟೆನಲ್ಲ ಎಂದು ನನ್ನ ಮೇಲೇ ಅಸಹ್ಯವೂ ಆಯಿತು.

ಭಾಯ್ ಇರುವ ಸ್ಟೇಷನ್ ಹತ್ತಿರ ಬಂತು. ಮೊದಲ ಸಿಗ್ನಲ್ ಹಳದಿ. ಅಸಿಸ್ಟೆಂಟ್ ಕೂಗಿದಳು, ನಾನು ಕೂಗಿದೆ, ವೇಗ ಇಳಿಸಿದೆ. ತಿರುವು ಕಳೆದ ಮೇಲೆ ಸ್ಟೇಷನ್ನಿನ ಒಳಕ್ಕೆ ಬಿಡುವ ಹೋಮ್ ಸಿಗ್ನಲ್ ಕಂಡಿತು.

"ಹೋಮ್ ಸಿಗ್ನಲ್, ಕೆಂಪು!"

"ಹೋಮ್ ಸಿಗ್ನಲ್, ಕೆಂಪು!" ಎಂದು ನಾನೂ ಕೂಗಿ ಅದರ ಹಿಂದೆಯೇ ನಿಲ್ಲಿಸಿದೆ. ಸೀಟಿ ಹಾಕಿದೆ. ಕಾದೆವು. ಏನೂ ಆಗಲಿಲ್ಲ. ವಾಕಿಟಾಕಿಯಲ್ಲಿ ಸ್ಟೇಷನ್ ಮಾಸ್ಟರನ್ನು ಕರೆದೆ.

"ಪಾಯಿಂಟು ಸೆಟ್ ಆಗಿದೆ, ಆದ್ರೆ ಪ್ಯಾನೆಲ್ಲಲ್ಲಿ ತೋರಿಸ್ತಾ ಇಲ್ಲ, ಅದಕ್ಕೇ ಸಿಗ್ನಲ್ ಬೀಳ್ತಿಲ್ಲ," ಎಂದು ಅವರ ದನಿ ಕಿರುಚಿತು. "ಕೇಬಲ್ ಏನೋ ಕೈಕೊಟ್ಟಿರಬೇಕು. ಎದುರುಗಡೆಯಿಂದ ಬರೋ ಪ್ಯಾಸೆಂಜರ್ ಮುಂದಿನ ಸ್ಟೇಷನ್ನಲ್ಲಿ ಕಾಯ್ತಾ ಇದೆ. ಪಾಯಿಂಟ್ಸ್‌ಮನ್ ಕಳಿಸಿದ್ದೀನಿ, ಬಾವುಟ ತೋರಿಸ್ತಾನೆ, ಬಂದ್ಬಿಡಿ."

"ಕಾಗದ ಸಾರ್?"

"ಸ್ಟೇಷನ್ನಿಗೆ ಬನ್ನಿ, ಇಲ್ಲೇ ಕೊಡ್ತೀನಿ."

ಕೆಂಪು ಸಿಗ್ನಲ್ ಕೆಟ್ಟಿದ್ದರೆ ಅದನ್ನು ದಾಟಬಹುದು. ಆದರೆ ಪಾಯಿಂಟನ್ನು ಕಣ್ಣಾರೆ ನೋಡಿ, ಅಲುಗದಂತೆ ಬಿಗಿದು ಬೀಗ ಹಾಕಿ, ಮಾಸ್ಟರು ಸಹಿ ಮಾಡಿದ ಕಾಗದ ನನ್ನ ಕೈಗೆ ಬಂದ ಮೇಲೆ. ಬಾವುಟ ಅದರ ಜೊತೆಗೆ, ಅದರ ಬದಲಿಗಲ್ಲ. ಇದು ಎಲ್ಲರಿಗೂ ಗೊತ್ತು. ಕಾಗದ ಆಮೇಲೆ ತಗೊಳ್ಳೋಣ ಎಂಬ ರೂಢಿಯೂ ಎಲ್ಲರಿಗೂ ಗೊತ್ತು.

ಭಾಯ್ ಹಳಿಯ ಪಕ್ಕದಲ್ಲಿ ಬಿಸಿಲಿನಲ್ಲಿ ಬೇಗಬೇಗ ನಡೆದು ಬಂದರು. ಸಿಗ್ನಲ್ ಕಂಬದ ಬುಡದಲ್ಲಿ ನಿಂತು ಹಸಿರು ಬಾವುಟ ಬಿಚ್ಚಿ ಬೀಸಿದರು. ಆ ಕೈ ನನಗೆ ಗೊತ್ತಿತ್ತು. ಯಾರ್ಡಿನಲ್ಲಿ ಆ ಕೈ ಬಾ ಎಂದಾಗ ನಾನು ಒಂದು ಸಲವೂ ಯೋಚಿಸಿದವನಲ್ಲ. ಕಣ್ಣು ಮುಚ್ಚಿಕೊಂಡು ಹೋಗುತ್ತಿದ್ದೆ.

"ಹೂಂ, ಹೊರಡಿ," ಎಂದರು ಇನ್‌ಸ್ಪೆಕ್ಟರು.

"ಕಾಗದ ಬಂದಿಲ್ಲ ಸಾರ್."

"ಅಲ್ಲಿ ಮಾಸ್ಟರ್ ಹೇಳಿದಾರೆ, ಇಲ್ಲಿ ಬಾವುಟ ತೋರಿಸ್ತಿದಾರೆ, ಹಿಂದೆ ನಾನು ಕೂತಿದ್ದೀನಿ. ಇನ್ನೇನು ಬೇಕ್ರೀ ನಿಮಗೆ?"

"ಮೇನ್ ಲೈನಲ್ಲಿ ಕೈ ಇಲ್ಲ ಅಂತ ನೀವೇ ಹೇಳಿದ್ರಿ ಸಾರ್."

ಅವರ ಮುಖ ಕೆಂಪಾಯಿತು. "ಏನಯ್ಯ, ನನಗೇ ಪಾಠ ಹೇಳ್ತೀಯಾ? ಯಾರ್ಡಲ್ಲಿ ಕೂಲಿಗಳ ಕೈ ನೋಡ್ಕೊಂಡು ಜೀವನ ಮಾಡಿದವನು ನೀನು. ಇವತ್ತು ಕಾಗದ ಬೇಕಾ? ನಿನ್ನ ಸಹಿ ನನ್ನ ಹತ್ರ ಇದೆ ಅನ್ನೋದು ಜ್ಞಾಪಕ ಇರ್ಲಿ. ಹದಿನೈದರ ಸ್ಪೀಡಲ್ಲಿ ಹೋದ್ರೆ ಏನಾಗತ್ತೆ? ತೆಗಿ ಬ್ರೇಕು!"

ಆಮೇಲೆ ಅಸಿಸ್ಟೆಂಟ್ ಕಡೆ ತಿರುಗಿದರು. "ನೀನು ನೋಡಿದೆಯಲ್ಲಮ್ಮ, ಹಸಿರು ಬಾವುಟ?"

"ನೋಡ್ದೆ ಸಾರ್," ಎಂದಳು ಅವಳು ಎದುರಿನಿಂದ ಕಣ್ಣು ತೆಗೆಯದೆ. "ಕೆಂಪು ಸಿಗ್ನಲ್ಲೂ ನೋಡ್ತಾನೇ ಇದೀನಿ ಸಾರ್."

ನನಗೆ ಆ ಮನುಷ್ಯನ ಮೇಲೆ ಭಯವಿದ್ದದ್ದು ಆ ಕ್ಷಣದವರೆಗೆ. ಹಣ್ಣಿನ ಪೆಟ್ಟಿಗೆಯ ಮೇಲೆ ಒಂದು ಕೈ ಇಟ್ಟುಕೊಂಡು, ಗಲ್ಲಕ್ಕೆ ರಸ ಅಂಟಿಸಿಕೊಂಡು, ಬೀಗರ ಮನೆಗೆ ತಡವಾಗುತ್ತದೆಂದು ಮೂರು ಜನರನ್ನು ಕೆಂಪು ದೀಪದಾಚೆ ಕಳಿಸಲು ಸಿದ್ಧನಾದ ಈ ಅಲ್ಪನ ಸಹಿಗಾಗಿಯೇ ನಾನು ತೊಡೆಯ ಕೆಳಗೆ ಕೈ ಇಟ್ಟುಕೊಂಡು ಕೂತದ್ದು? ಸಹಿ ಹೋದರೆ ಹೋಗಲಿ ಎನಿಸಿತು. ಮಾಲೂರಿನ ಪ್ಲಾಟ್‌ಫಾರಮ್ಮು ಕಣ್ಣ ಮುಂದೆ ಬಂತು, ಅದನ್ನೂ ಬಿಟ್ಟೆ. ಆದರೆ ಭಾಯ್ ಬಿಸಿಲಲ್ಲಿ ಇನ್ನೂ ಬಾವುಟ ಬೀಸುತ್ತಿದ್ದರು. ನಾನು ಏಕೆ ಬರುತ್ತಿಲ್ಲ ಎಂದು ಅವರಿಗೆ ಹೇಗೆ ಹೇಳಲಿ? ನಿಮ್ಮ ಕೈ ನಂಬುವುದಿಲ್ಲ ಎಂದು ಹೇಗೆ ಹೇಳಲಿ?

ಕೈ ತಾನಾಗಿ ಹೋಯಿತು. ರಿವರ್ಸರನ್ನು ಕಿತ್ತೆ. ಕಿಟಕಿಯಿಂದ ಸೊಂಟದವರೆಗೆ ಹೊರಬಾಗಿ, ಯಾರ್ಡಿನಲ್ಲಿ ಮಾಡುತ್ತಿದ್ದ ಹಾಗೆ, ಅದನ್ನು ಎತ್ತಿ ಹಿಡಿದೆ.

ಭಾಯ್ ಬಾವುಟ ಇಳಿಸಿದರು. ಒಂದು ಗಳಿಗೆ ನೋಡಿದರು. ಆಮೇಲೆ ಎಂದಿನ ಹಾಗೆ ತಲೆ ಅಲ್ಲಾಡಿಸಿ, ಬಾವುಟ ಸುತ್ತಿಕೊಂಡು, ಸ್ಟೇಷನ್ನಿನ ಕಡೆ ಕುಂಟುತ್ತ ಹೊರಟರು. ಕೋಪಿಸಿಕೊಳ್ಳಲಿಲ್ಲ. ನನ್ನ ಇಂಜಿನ್ ಚಲಿಸುವುದಿಲ್ಲ, ನೀವು ಹೋಗಿ ಕೆಲಸ ನೋಡಿ ಎಂದು ನಾನು ಹೇಳಿದ್ದು ಅವರಿಗೆ ತಿಳಿದಿತ್ತು.

"ಮುಗೀತು ನಿನ್ನ ಮೇನ್ ಲೈನು," ಎಂದರು ಇನ್‌ಸ್ಪೆಕ್ಟರು.

"ಆಯ್ತು ಸಾರ್" ಎಂದು ರಿವರ್ಸರನ್ನು ಜೇಬಿಗೆ ಹಾಕಿಕೊಂಡೆ.

ಅವರು ಫೋನ್ ತೆಗೆದು ಯಾರಿಗೋ ನನ್ನ ಬಗ್ಗೆ ಹೇಳತೊಡಗಿದರು. ಯಾರ್ಡ್ ಜನ, ಧೈರ್ಯ ಸಾಲದು, ಇಂಥವರನ್ನು ಕಳಿಸಿ ನಮ್ಮ ಪ್ರಾಣ ತೆಗೀತಾರೆ, ಹೀಗೆ. ನಾನು ಭಾಯ್ ಹೋಗುವುದನ್ನು ನೋಡುತ್ತಿದ್ದೆ. ಪಾಯಿಂಟಿನ ಹತ್ತಿರ ಹೋದವರು ಮುಂದೆ ಹೋಗಲಿಲ್ಲ. ನಿಂತರು. ಬಗ್ಗಿದರು. ಮಂಡಿ ನೋಯುವವರು ಹಾಗೆ ಕುಕ್ಕರುಗಾಲಿನಲ್ಲಿ ಕೂರುವುದಿಲ್ಲ, ಆದರೂ ಕೂತರು. ಮತ್ತೆ ಎದ್ದಾಗ ಅವರ ಕೈಯಲ್ಲಿ ಕೆಂಪು ಬಾವುಟ ಇತ್ತು. ಅದನ್ನು ನಮ್ಮ ಕಡೆಗೆ ಅಡ್ಡಡ್ಡ ಬೀಸಿದರು.

"ಅಣ್ಣಾ," ಎಂದಳು ಅಸಿಸ್ಟೆಂಟ್. ಅದುವರೆಗೆ ಅವಳು ನನ್ನನ್ನು ಸಾರ್ ಎನ್ನುತ್ತಿದ್ದಳು.

ಇನ್‌ಸ್ಪೆಕ್ಟರು ಫೋನಿನಲ್ಲಿ ಮಾತು ನಿಲ್ಲಿಸಿದರು.

ಭಾಯ್ ವಾಕಿಟಾಕಿಯಲ್ಲಿ ಮಾಸ್ಟರನ್ನು ಕರೆದದ್ದು ನಮಗೂ ಕೇಳಿಸಿತು. ಮಾಸ್ಟರು ಸ್ಟೇಷನ್ನಿನಿಂದ ಓಡಿ ಬಂದರು. ಇಬ್ಬರೂ ಬಗ್ಗಿ ಏನೋ ಮಾಡಿದರು. ಮಾಸ್ಟರು ವಾಪಸು ಓಡಿದರು. ಸ್ವಲ್ಪ ಹೊತ್ತಿನಲ್ಲಿ ಪಾಯಿಂಟು ಒಂದು ಸಲ ಆಚೆ ಸರಿದು ಈಚೆ ಬಂದು ಸರಿಯಾಗಿ ಕೂತಿತು. ನಾನು ಕಾಯುತ್ತಿದ್ದ ಕಾಗದ ಬರಲೇ ಇಲ್ಲ. ಬರಬೇಕಾಗಲಿಲ್ಲ. ಸಿಗ್ನಲ್ ತಾನೇ ಬಣ್ಣ ಬದಲಿಸಿತು.

"ಹೋಮ್ ಸಿಗ್ನಲ್, ಹಳದಿ!"

ನಾನೂ ಕೂಗಿದೆ. ರಿವರ್ಸರನ್ನು ಅದರ ಜಾಗಕ್ಕೆ ಹಾಕಿ ಗಾಡಿ ಎಬ್ಬಿಸಿ, ಮೆಲ್ಲಗೆ ಪಾಯಿಂಟಿನ ಮೇಲೆ ಹಾಯಿಸಿ, ಪ್ಲಾಟ್‌ಫಾರಮ್ಮಿನ ತುದಿಯಲ್ಲಿ ನಿಲ್ಲಿಸಿದೆ. ಎದುರಿನ ಪ್ಯಾಸೆಂಜರ್ ಬರುವವರೆಗೆ ಕಾಯಬೇಕಾಗಿತ್ತು. ಭಾಯ್ ಏದುಸಿರು ಬಿಡುತ್ತ ಕ್ಯಾಬಿನ ಕೆಳಗೆ ಬಂದು ನಿಂತರು. ಅವರ ಅಂಗೈಯಲ್ಲಿ ಒಂದು ಮಾವಿನ ಓಟೆ ಇತ್ತು. ಒಂದು ಬದಿ ನಜ್ಜುಗುಜ್ಜಾಗಿತ್ತು.

"ಹಳಿ ಸಂದೀಲಿ ಕಚ್ಕೊಂಡಿತ್ತು ಬೇಟಾ," ಎಂದರು. "ಪಾಯಿಂಟು ಪೂರ್ತಿ ಮುಚ್ಚಿರ್ಲಿಲ್ಲ. ಬೆರಳು ಹೋಗೋಷ್ಟು ಬಾಯಿ ಬಿಟ್ಕೊಂಡಿತ್ತು. ನಿನ್ ಚಕ್ರ ಬಂದಿದ್ರೆ ಅದರೊಳಗೇ ಇಳೀತಿತ್ತು."

ಹೋಮ್ ಸಿಗ್ನಲ್ ಕೆಟ್ಟಿರಲೇ ಇಲ್ಲ. ಒಳಗೆ ಏನೋ ಸಿಕ್ಕಿಕೊಂಡಿದೆ, ಬರಬೇಡ ಎಂದು ಅದು ನಮಗೆ ಹೇಳುತ್ತಲೇ ಇತ್ತು. ಅದೊಂದು ಬಿಟ್ಟು ಉಳಿದ ದೊಡ್ಡ ಮನುಷ್ಯರೆಲ್ಲ ಬಾ ಎಂದಿದ್ದರು.

"ಜನಕ್ಕೆ ಬುದ್ಧಿ ಇಲ್ಲ," ಎಂದರು ಮಾಸ್ಟರು ಹಿಂದಿನಿಂದ ಬಂದು. "ತಿಂದು ಎಲ್ಲೆಂದರಲ್ಲಿ ಎಸೀತಾರೆ. ಸಾರ್, ಇದನ್ನೆಲ್ಲ ದೊಡ್ಡದು ಮಾಡೋದು ಬೇಡ. ಸಿಗ್ನಲ್ ಬಂತಲ್ಲ."

"ಬೇಡ ಬೇಡ," ಎಂದರು ಇನ್‌ಸ್ಪೆಕ್ಟರು. "ಸಣ್ಣ ವಿಷಯ."

ಭಾಯ್ ಅವರಿಬ್ಬರ ಮಾತಿಗೂ ಕಿವಿಗೊಡಲಿಲ್ಲ. "ತಪ್ಪು ನಂದು," ಎಂದರು ನನಗೆ. "ಬರುವಾಗ ಪಾಯಿಂಟಿನ ಪಕ್ಕದಲ್ಲೇ ಬಂದೆ. ಬಗ್ಗಿ ನೋಡ್ಲಿಲ್ಲ. ಮಾಸ್ಟರ್ ಕಿರುಚ್ತಿದ್ರು, ಮಂಡಿ ನೋಯ್ತಿತ್ತು, ಬಂದ್ಬಿಟ್ಟೆ. ಇಷ್ಟು ವರ್ಷ ನನ್ನ ಕೈ ನಂಬಿದ್ದೆ ನೀನು. ಇವತ್ತು ನಂಬಿದ್ರೆ ನಾನೇ ನಿನ್ನ ಕೊಂದಿರ್ತಿದ್ದೆ."

"ಅರೇ, ಹಾಗೆಲ್ಲ ಅನ್ಬೇಡಿ ಭಾಯ್."

"ಅಂತೀನಿ. ಯಾರೂ ಅನ್ನದಿದ್ರೆ ಹೆಂಗೆ?"

ಆಮೇಲೆ ಅವರ ಕಣ್ಣು ಕ್ಯಾಬಿನ ಬಾಗಿಲಲ್ಲಿ ಕಾಣುತ್ತಿದ್ದ ಹಣ್ಣಿನ ಪೆಟ್ಟಿಗೆಗಳ ಮೇಲೆ ಬಿತ್ತು. ಕೈಯಲ್ಲಿದ್ದ ಓಟೆಯನ್ನು ನೋಡಿದರು. ಇನ್‌ಸ್ಪೆಕ್ಟರ ಗಲ್ಲವನ್ನು ನೋಡಿದರು. ಆ ಓಟೆ ಯಾರದು ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಆ ತಿಂಗಳು ಅರ್ಧ ಜಿಲ್ಲೆ ಮಾವು ತಿನ್ನುತ್ತಿತ್ತು. ಆದರೆ ಇನ್‌ಸ್ಪೆಕ್ಟರು ಅಲ್ಲಿಂದ ಊರು ಮುಟ್ಟುವವರೆಗೆ ಒಂದು ಹಣ್ಣನ್ನೂ ಮುಟ್ಟಲಿಲ್ಲ.

ಡಿಪೋಗೆ ಬಂದ ಮೇಲೆ ಅವರು ಸಹಿ ಹಾಕಿದರು. ಹಾಕದೆ ಗತಿಯಿರಲಿಲ್ಲ. ನನ್ನನ್ನು ಫೇಲ್ ಮಾಡಿದರೆ ಏಕೆ ಎಂದು ಬರೆಯಬೇಕು, ಬರೆದರೆ ಕೆಂಪು ಸಿಗ್ನಲ್ ದಾಟು ಎಂದದ್ದೂ ಬರಬೇಕು. ಪೆನ್ನಿನ ಮುಚ್ಚಳ ಹಾಕುತ್ತ "ಮೇನ್ ಲೈನಲ್ಲಿ ಹೀಗೇ ಇರ್ಬೇಕು ಕಣ್ರೀ" ಎಂದರು. ಅಷ್ಟು ವರ್ಷ ಕಾದ ಸಹಿ ಅದು. ಕೈಗೆ ಬಂದಾಗ ಬಸ್ ಟಿಕೆಟ್ಟಿನ ಬೆಲೆಯೂ ಇದೆ ಎನಿಸಲಿಲ್ಲ. ಆದರೂ ಮಡಿಸಿ ಜೋಪಾನವಾಗಿ ಒಳಜೇಬಿಗಿಟ್ಟುಕೊಂಡೆ, ಸೀಟು ಕೊಡುವುದು ಅದೇ ತಾನೇ. ಮರುವಾರ ಮಾಲೂರಿನ ಮೇಲೆ ಮೊದಲ ಗೂಡ್ಸ್ ತೆಗೆದುಕೊಂಡು ಹೋದೆ. ಪ್ಲಾಟ್‌ಫಾರಮ್ಮಿನ ಮೇಲೆ ನನಗೆ ಗೊತ್ತಿದ್ದ ಮುಖಗಳೆಲ್ಲ ಇದ್ದವು. ಒಬ್ಬರೂ ತಲೆಯೆತ್ತಿ ನೋಡಲಿಲ್ಲ. ನಾನು ಮೊಣಕೈ ಊರಿ ಕೂತಿದ್ದೆ, 'ನೋಡದಿದ್ದರೆ ಕತ್ತೆ ಬಾಲ' ಎಂದುಕೊಂಡೆ, ಕಣ್ಣಲ್ಲಿ ನೀರು ಬಂತು.

ಇತ್ತೀಚೆಗೆ ರಿಫ್ರೆಶರ್ ತರಗತಿಗೆ ಕರೆದಿದ್ದರು. ಪಾಠ ಹೇಳಲು ಬಂದದ್ದು ಅದೇ ಇನ್‌ಸ್ಪೆಕ್ಟರು. ಬಡ್ತಿಗೆ ಕಾದಿರುವ ಶಂಟರುಗಳೂ ಕೂತಿದ್ದರು.

"ಒಂದು ಸಲ ಒಬ್ಬ ಡ್ರೈವರನ್ನು ಪರೀಕ್ಷೆ ಮಾಡ್ದೆ," ಎಂದು ಶುರು ಮಾಡಿದರು. "ಸಿಗ್ನಲ್ ಕೆಂಪು. ನಾನು ಬೇಕಂತಲೇ ಹೋಗು ಅಂದೆ. ಬೈದೆ, ಹೆದರಿಸ್ದೆ. ಮನುಷ್ಯ ಜಗ್ಗಲಿಲ್ಲ. ಆಮೇಲೆ ನೋಡಿದ್ರೆ ಪಾಯಿಂಟಲ್ಲಿ ಜಲ್ಲಿಕಲ್ಲು! ಹೀಗೆ ತಯಾರು ಮಾಡ್ಬೇಕು ಕಣ್ರೀ ಜನಾನ." ನನ್ನ ಕಡೆ ನೋಡಿ ಹೆಮ್ಮೆಯಿಂದ ನಕ್ಕರು. ಓಟೆ ಕಲ್ಲಾಗಿತ್ತು, ಭಾಯ್ ಕಥೆಯಲ್ಲೇ ಇರಲಿಲ್ಲ. ಎದ್ದು ಹೇಳಿಬಿಡೋಣ ಎನಿಸಿತು. ಆದರೆ ತಾನು ಹೇಳಿದ್ದನ್ನು ತಾನೇ ನಂಬಿಬಿಟ್ಟವನ ಜೊತೆ ಏನು ವಾದ?

ಟೀ ಕುಡಿಯುವಾಗ ನಮ್ಮ ಯಾರ್ಡಿನ ಶಂಟರೊಬ್ಬ ಪಕ್ಕಕ್ಕೆ ಬಂದ. ನನ್ನ ಓರಗೆಯವನೇ. "ನಿಜವಾಗ್ಲೂ ಪರೀಕ್ಷೆಗೇ ಹೋಗು ಅಂದಿದ್ರಾ ಅವರು?"

"ಸಿಗ್ನಲ್ ಕೆಂಪಿತ್ತು ಕಣೋ," ಎಂದೆ. "ಆ ಕಥೇಲಿ ನಿಜ ಅಂದ್ರೆ ಅದೊಂದೇ."

ಅದಾದ ಮೇಲೆ ಕವಲು ಲೈನಿಗೆ ಒಂದು ಗಾಡಿ ಸಿಕ್ಕಿತು. ಆ ಸ್ಟೇಷನ್ನಿಗೆ ಹಸಿರಿನ ಮೇಲೆ ಹಸಿರು, ನಿಲ್ಲುವ ಹಾಗಿಲ್ಲ. ಆವತ್ತಿನ ಅಸಿಸ್ಟೆಂಟ್ ಹುಡುಗ ಕೂಗಿದ, ನಾನು ಕೂಗಿದೆ. ಭಾಯ್ ಪ್ಲಾಟ್‌ಫಾರಮ್ಮಿನ ಮೇಲೆ ಒಂದು ಕೈಯಲ್ಲಿ ಬಾವುಟ ಹಿಡಿದು ನಿಂತಿದ್ದರು. ಇನ್ನೊಂದು ಕೈಯನ್ನು ತಲೆಯ ಮೇಲೆ ಎತ್ತಿದ್ದರು, ಮುಷ್ಟಿ ಬಿಗಿಯಾಗಿತ್ತು, ಅದರೊಳಗೆ ರಿವರ್ಸರ್ ಇದ್ದ ಹಾಗೆ. ನನ್ನ ರಿವರ್ಸರ್ ಓಡುವ ಗಾಡಿಯಲ್ಲಿ ಇರಬೇಕಾದ ಜಾಗದಲ್ಲಿತ್ತು. ಕಿಟಕಿಯಿಂದ ಸೊಂಟದವರೆಗೆ ಹೊರಬಾಗಿ, ನಾನು ಬರಿಗೈ ಎತ್ತಿದೆ.